ಬೆಳದಿಂಗಳು ನೀಲಿಯಾದದ್ದು ಯಾವಾಗ?

ವಿದ್ಯಾರ್ಥಿಗಳು ತಯಾರಿಸಿದ ಕಿರುಚಿತ್ರಗಳನ್ನು ಸಾಲಾಗಿ ನೋಡುವ ಅವಕಾಶ ಸಿಕ್ಕವರಿಗೆ ಒಂದು ಸಂಗತಿ ಬೇಗನೆ ಗಮನಕ್ಕೆ ಬರುತ್ತದೆ. ಕಥೆಗಳು ಬೇರೆ ಬೇರೆ. ಊರುಗಳು ಬೇರೆ ಬೇರೆ. ಪಾತ್ರಗಳು ಆಡುವ ಕನ್ನಡವೂ ಬೇರೆ ಬೇರೆ. ಆದರೆ ಬಣ್ಣ ಮಾತ್ರ ಒಂದೇ. ಮುಖಗಳಿಗೆಲ್ಲ ಕಿತ್ತಳೆಯ ಲೇಪ, ಹಿನ್ನೆಲೆಗೆಲ್ಲ ಹಸಿರು ಬೆರೆತ ನೀಲಿ, ದುಃಖದ ದೃಶ್ಯಕ್ಕೆ ಬೂದಿ ಬಳಿದಂಥ ಮಂಕು, ರಾತ್ರಿಯೆಂದರೆ ಅಚ್ಚನೀಲಿ. ಮಂಡ್ಯದ ಗದ್ದೆಬಯಲಿನ ಕಥೆಗೂ ಕಲಬುರಗಿಯ ಬಿರುಬಿಸಿಲಿನ ಕಥೆಗೂ ಬೆಂಗಳೂರಿನ ಬಾಡಿಗೆ ಕೋಣೆಯ ಕಥೆಗೂ ಅದೇ ಬೆಳಕು, ಅದೇ ವರ್ಣ. ನಮ್ಮ ಹುಡುಗರು ಬರೆದ ಕಥೆಯನ್ನು ಬೇರೆ ಯಾರದೋ ಕಣ್ಣಿನಿಂದ ನೋಡುತ್ತಿರುವಂತೆ ಭಾಸವಾಗುತ್ತದೆ.

ಇದನ್ನು ದುಡ್ಡಿನ ಕೊರತೆ ಎಂದು ಹೇಳಿ ಮುಗಿಸಿಬಿಡುವುದು ಸುಲಭ. ವಿದ್ಯಾರ್ಥಿಗಳ ಬಳಿ ಹಣವಿಲ್ಲ ಎಂಬುದು ನಿಜವೂ ಹೌದು. ಎರವಲು ತಂದ ಕ್ಯಾಮೆರಾ, ಸ್ನೇಹಿತನ ಮನೆ, ರಜೆಯ ಎರಡು ದಿನ, ತಾಯಿ ಕಟ್ಟಿಕೊಟ್ಟ ಚಿತ್ರಾನ್ನ, ಇಷ್ಟರಲ್ಲೇ ಚಿತ್ರೀಕರಣ ಮುಗಿಯಬೇಕು. ಆದರೆ ಮೇಲೆ ಹೇಳಿದ ದೋಷದ ಮೂಲ ಜೇಬಿನಲ್ಲಿಲ್ಲ. ಅದು ಎರಡು ಅಭ್ಯಾಸಗಳಲ್ಲಿದೆ. ಬೆಳಕಿನ ಬಗ್ಗೆ ಮಾಡಬೇಕಾದ ನಿರ್ಧಾರವನ್ನು ಮುಂದೂಡುವುದು ಮೊದಲನೆಯದು. ಹಾಗೆ ಮುಂದೂಡಿದ ನಿರ್ಧಾರವನ್ನು ಕೊನೆಗೆ ಯಾರೋ ಸಿದ್ಧಪಡಿಸಿಟ್ಟ ಬಣ್ಣದ ಸೂತ್ರಕ್ಕೆ ಒಪ್ಪಿಸಿಬಿಡುವುದು ಎರಡನೆಯದು. ಎರಡನ್ನೂ ಬಿಡಲು ಒಂದು ರೂಪಾಯಿಯೂ ಬೇಕಿಲ್ಲ.

ಚಿತ್ರೀಕರಣದ ಜಾಗಗಳಲ್ಲಿ ಈಗ ಪದೇ ಪದೇ ಕೇಳಿಬರುವ ಮಾತೊಂದಿದೆ: ‘ಇರಲಿ ಬಿಡಿ, ಡಿಐನಲ್ಲಿ ನೋಡಿಕೊಳ್ಳೋಣ.’ ಡಿಐ ಎಂದರೆ ಡಿಜಿಟಲ್ ಇಂಟರ್‌ಮೀಡಿಯೆಟ್. ಚಿತ್ರಿಸಿದ ದೃಶ್ಯಗಳ ಬಣ್ಣ, ಹೊಳಪು, ನೆರಳುಗಳನ್ನು ಕಂಪ್ಯೂಟರಿನಲ್ಲಿ ತಿದ್ದುವ ಕೆಲಸ. ಕಲರ್ ಗ್ರೇಡಿಂಗ್ ಎಂಬ ಹೆಸರೂ ಇದಕ್ಕೇ ರೂಢಿಯಲ್ಲಿದೆ. ಕಿಟಕಿಯಿಂದ ಬಿಸಿಲು ವಿಪರೀತ ಬೀಳುತ್ತಿದೆಯೆ? ಡಿಐನಲ್ಲಿ ನೋಡೋಣ. ಗೋಡೆಯ ಬಣ್ಣ ಕಣ್ಣಿಗೆ ಹೊಡೆಯುತ್ತಿದೆಯೆ? ಅದೂ ಡಿಐನಲ್ಲಿ. ಬೆಳಗ್ಗೆ ತೆಗೆದ ದೃಶ್ಯಕ್ಕೂ ಸಂಜೆ ತೆಗೆದ ದೃಶ್ಯಕ್ಕೂ ತಾಳೆಯಾಗುತ್ತಿಲ್ಲವೆ? ಅದೂ ಅಲ್ಲಿಗೇ. ಹೀಗೆ ಸಾಲ ಬೆಳೆಯುತ್ತ ಹೋಗುತ್ತದೆ. ಕೊನೆಗೆ ತೀರಿಸಬೇಕಾದವನು ಪರೀಕ್ಷೆಯ ಹಿಂದಿನ ರಾತ್ರಿ ಲ್ಯಾಪ್‌ಟಾಪಿನ ಮುಂದೆ ಒಬ್ಬನೇ ಕುಳಿತ ವಿದ್ಯಾರ್ಥಿ.

ಈ ಅನುಕೂಲ ಎಲ್ಲಿಂದ ಬಂತು ಎಂಬುದನ್ನು ನೋಡಬೇಕು. ರೀಲಿನ ಕಾಲದಲ್ಲಿ ಬಣ್ಣ ತಿದ್ದುವ ಕೆಲಸ ನಡೆಯುತ್ತಿದ್ದದ್ದು ಮದ್ರಾಸು, ಮುಂಬೈಗಳ ಲ್ಯಾಬುಗಳಲ್ಲಿ. ನೆಗೆಟಿವ್‌ನಿಂದ ಪ್ರಿಂಟ್ ತೆಗೆಯುವಾಗ ಕೆಂಪು, ಹಸಿರು, ನೀಲಿ ದೀಪಗಳ ತೀವ್ರತೆಯನ್ನು 1ರಿಂದ 50ರವರೆಗಿನ ಅಂಕಗಳಲ್ಲಿ ಏರಿಸಿ ಇಳಿಸುವುದಷ್ಟೇ ಅಲ್ಲಿನ ತಂತ್ರಜ್ಞನಿಗೆ ಸಾಧ್ಯವಿತ್ತು. ಇಡೀ ದೃಶ್ಯ ಕೆಂಪಾಗಬಹುದಿತ್ತು ಅಥವಾ ತಿಳಿಯಾಗಬಹುದಿತ್ತು. ನಾಯಕಿಯ ಸೀರೆಯೊಂದನ್ನೇ ಬೇರೆ ಮಾಡಿ ಬಣ್ಣ ಬದಲಿಸುವಂತಿರಲಿಲ್ಲ. 2000ದಲ್ಲಿ ಕೋಯೆನ್ ಸಹೋದರರ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಿತ್ರ ಇಡಿಯಾಗಿ ಕಂಪ್ಯೂಟರಿನಲ್ಲಿ ಬಣ್ಣ ತಿದ್ದಿಸಿಕೊಂಡು ಬಂದಾಗ ಜಗತ್ತಿನ ಛಾಯಾಗ್ರಾಹಕರ ಮುಂದೆ ಹೊಸ ಬಾಗಿಲು ತೆರೆಯಿತು. ಮೊದಮೊದಲು ಆ ಯಂತ್ರಗಳ ಬೆಲೆ ಲಕ್ಷಾಂತರ ಡಾಲರ್. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಕಂಪನಿ ಡಾವಿಂಚಿ ಸಂಸ್ಥೆಯನ್ನು ಕೊಂಡಿತು. ಮರುವರ್ಷವೇ ‘ಡಾವಿಂಚಿ ರಿಸಾಲ್ವ್’ ತಂತ್ರಾಂಶವನ್ನು 995 ಡಾಲರ್‌ಗೆ ಇಳಿಸಿತು. 2011ರಲ್ಲಿ ಅದರ ಒಂದು ಆವೃತ್ತಿಯನ್ನು ಪುಕ್ಕಟೆಯಾಗಿ ಕೊಟ್ಟುಬಿಟ್ಟಿತು. ಅಷ್ಟರಲ್ಲಿ, 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2ನಂಥ ಸ್ಥಿರಚಿತ್ರದ ಕ್ಯಾಮೆರಾಗಳು ಸಿನಿಮಾದಂಥ ಚಿತ್ರಿಕೆಯನ್ನು ಮಧ್ಯಮ ವರ್ಗದ ಕೈಗೆಟುಕುವಂತೆ ಮಾಡಿದ್ದವು. ಹಿಂದೆ ಸ್ಟುಡಿಯೊಗಳಿಗೆ ಮಾತ್ರ ಇದ್ದ ಅಧಿಕಾರ ಕಾಲೇಜು ಹುಡುಗಿಯೊಬ್ಬಳ ಮೇಜಿನ ಮೇಲೆ ಬಂದು ಕುಳಿತಿತು. ಇದು ಸಣ್ಣ ಕ್ರಾಂತಿಯಲ್ಲ. ಹಳೆಯ ಕಾಲವೇ ಚೆನ್ನಾಗಿತ್ತೆಂದು ಹಲುಬುವುದರಲ್ಲಿ ಅರ್ಥವಿಲ್ಲ.

ಆದರೆ ‘ಓ ಬ್ರದರ್’ ಚಿತ್ರದ ಛಾಯಾಗ್ರಾಹಕ ರೋಜರ್ ಡೀಕಿನ್ಸ್ ಮಾಡಿದ್ದೇನು ಎಂಬುದನ್ನು ನಮ್ಮಲ್ಲಿ ಅರ್ಧ ಮಾತ್ರ ಕೇಳಿಸಿಕೊಂಡಂತಿದೆ. ಮಿಸಿಸಿಪ್ಪಿಯ ಬೇಸಿಗೆಯಲ್ಲಿ ಎಲ್ಲೆಲ್ಲೂ ಹಚ್ಚಹಸಿರು. ನಿರ್ದೇಶಕರಿಗೆ ಬೇಕಿದ್ದುದು ಒಣಗಿದ, ಧೂಳು ಮೆತ್ತಿದ ಹಳದಿಯ ನೆಲ. ಚಿತ್ರೀಕರಣ ಶುರುವಾಗುವ ಮೊದಲೇ ಡೀಕಿನ್ಸ್ ಅದಕ್ಕಾಗಿ ಪ್ರಯೋಗಗಳನ್ನು ನಡೆಸಿದ್ದರು. ಲ್ಯಾಬಿನ ಸಾಂಪ್ರದಾಯಿಕ ವಿಧಾನದಿಂದ ಅದು ಆಗದೆಂದು ಮನದಟ್ಟಾದ ಮೇಲೆಯೇ ಅವರು ಡಿಜಿಟಲ್ ದಾರಿ ಹಿಡಿದದ್ದು. ಅಂದರೆ, ಬಣ್ಣದ ತೀರ್ಮಾನ ಮೊದಲು; ತಂತ್ರ ಆಮೇಲೆ. ನಮ್ಮ ವಿದ್ಯಾರ್ಥಿಗಳು ಈ ಕ್ರಮವನ್ನು ತಲೆಕೆಳಗು ಮಾಡಿಕೊಂಡಿದ್ದಾರೆ.

ತಲೆಕೆಳಗು ಮಾಡಿಕೊಂಡರೆ ಆಗುವ ನಷ್ಟವೇನು? ಅಲಂಕಾರದ ಮಾತು ಬಿಟ್ಟು ಲೆಕ್ಕದಲ್ಲೇ ಹೇಳಬಹುದು. ವಿದ್ಯಾರ್ಥಿಗಳ ಕೈಗೆ ಸಿಗುವ ಅಗ್ಗದ ಕ್ಯಾಮೆರಾಗಳಲ್ಲಿ ಅನೇಕವು 8 ಬಿಟ್‌ನಲ್ಲಿ ದಾಖಲಿಸುತ್ತವೆ. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ ಕತ್ತಲೆಯಿಂದ ಬೆಳಕಿನವರೆಗೆ 256 ಮೆಟ್ಟಿಲು. 10 ಬಿಟ್ ಆದರೆ 1,024. 12 ಬಿಟ್ ಆದರೆ 4,096. ಅಷ್ಟೇ ಅಲ್ಲ, ಕಡತದ ಗಾತ್ರ ತಗ್ಗಿಸಲೆಂದು ಇಂಥ ಕ್ಯಾಮೆರಾಗಳು ಪ್ರತಿ ಚಿತ್ರಬಿಂದುವಿನ ಹೊಳಪನ್ನು ಬೇರೆ ಬೇರೆಯಾಗಿ ಬರೆದುಕೊಂಡರೂ, ಬಣ್ಣದ ಮಾಹಿತಿಯನ್ನು ನಾಲ್ಕು ಬಿಂದುಗಳಿಗೆ ಸೇರಿಸಿ ಒಂದೇ ಸಲ ಬರೆದುಕೊಳ್ಳುತ್ತವೆ. ಇಷ್ಟು ಕಡಿಮೆ ಮಾಹಿತಿಯನ್ನು ಎಳೆದು ಹಿಗ್ಗಿಸಿದರೆ ಏನಾಗುತ್ತದೆ? ನುಣ್ಣಗಿರಬೇಕಾದ ಆಕಾಶ ಪಟ್ಟೆ ಪಟ್ಟೆಯಾಗುತ್ತದೆ. ಕೆನ್ನೆಯ ಮೇಲಿನ ಬೆಳಕು ನಕಾಶೆಯ ಗೆರೆಗಳಂತೆ ಒಡೆಯುತ್ತದೆ. ನೆರಳಿನಲ್ಲಿ ಇರುವೆ ಮುತ್ತಿದಂತೆ ಕಣಗಳು ಹರಿದಾಡುತ್ತವೆ. ಒಮ್ಮೆ ಪೂರ್ತಿ ಬೆಳ್ಳಗಾಗಿ ಹೋದ ಕಿಟಕಿಯ ಆಚೆ ಏನಿತ್ತೆಂಬುದನ್ನು ಯಾವ ತಂತ್ರಾಂಶವೂ ಇದ್ದದ್ದು ಇದ್ದಂತೆ ಮರಳಿ ತರಲಾರದು. ಬಾವಿಯಲ್ಲಿ ಇಲ್ಲದ ನೀರು ಕೊಡಕ್ಕೆ ಬರುವುದೆಲ್ಲಿಂದ?

ವೃತ್ತಿಪರರು ಬಳಸುವ ‘ಲಾಗ್’ ಎಂಬ ವಿಧಾನದ ಗತಿಯೂ ಇದೇ. ಕಡುನೆರಳಿನಿಂದ ತೀವ್ರ ಬೆಳಕಿನವರೆಗಿನ ವ್ಯಾಪ್ತಿಯನ್ನೆಲ್ಲ ಹಿಸುಕಿ, ಮಂಕಾದ ಚಿತ್ರವಾಗಿ ದಾಖಲಿಸಿಕೊಂಡು ಆಮೇಲೆ ಗ್ರೇಡಿಂಗ್‌ನಲ್ಲಿ ಬಿಡಿಸಿಕೊಳ್ಳುವ ಉಪಾಯ ಅದು. ಮೆಟ್ಟಿಲುಗಳು ಸಾಕಷ್ಟಿರುವ ಕ್ಯಾಮೆರಾಗಳಿಗೆ ಅದು ವರ. 256 ಮೆಟ್ಟಿಲುಗಳ ಕ್ಯಾಮೆರಾಕ್ಕೆ ಅದು ಬಹುತೇಕ ಶಾಪ. ದೊಡ್ಡವರು ಹಾಗೆ ಮಾಡುತ್ತಾರೆಂದು ವಿದ್ಯಾರ್ಥಿಗಳೂ ಮಾಡುತ್ತಾರೆ. ಚಿತ್ರೀಕರಣದ ದಿನವೇ ಬೆಳಕನ್ನು ತಹಬಂದಿಗೆ ತಂದು, ಬೇಕಾದ ಬಣ್ಣಕ್ಕೆ ಸಮೀಪವಾಗಿಯೇ ದಾಖಲಿಸಿಕೊಂಡಿದ್ದರೆ ಅದೇ ಕ್ಯಾಮೆರಾ ಎಷ್ಟೋ ಚೆಲುವಾದ ಚಿತ್ರ ಕೊಡುತ್ತಿತ್ತು.

ಎರವಲು ಪಾಠಗಳ ತೊಂದರೆಗೆ ಇನ್ನೊಂದು ಸಣ್ಣ ಉದಾಹರಣೆ ಸಾಕು. ಸೆಕೆಂಡಿಗೆ 24 ಚೌಕಟ್ಟು ತೆಗೆಯುವಾಗ ಶಟರ್ ವೇಗ 1/48 ಇರಬೇಕೆಂದು ಅಮೆರಿಕದ ಪಾಠಗಳು ಹೇಳುತ್ತವೆ. ದೀಪ ಮಿನುಗಿದರೆ 1/60ಕ್ಕೆ ಹೋಗಿ ಎನ್ನುತ್ತವೆ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ನಮ್ಮ ಟ್ಯೂಬ್‌ಲೈಟಿನ ಕೆಳಗೆ 1/60ರಲ್ಲಿ ತೆಗೆದರೆ ಚಿತ್ರದ ಮೇಲೆ ಪಟ್ಟೆಗಳು ಉರುಳತೊಡಗುತ್ತವೆ. ಇಲ್ಲಿ ಬೇಕಾದದ್ದು 1/50 ಅಥವಾ 1/100. ಬೀದಿಯ ಹಳೆಯ ಸೋಡಿಯಂ ದೀಪದ್ದೂ ಅಂಥದೇ ಕಥೆ. ಆ ಹಳದಿ ಬೆಳಕಿನಲ್ಲಿ ನೀಲಿಯ ಅಂಶ ಅತ್ಯಲ್ಪ. ಅದರಡಿ ನಿಂತ ಹುಡುಗಿಯ ನೀಲಿ ಲಂಗ ಕಪ್ಪಾಗಿ ದಾಖಲಾಗುತ್ತದೆ, ಕಪ್ಪಾಗಿಯೇ ಉಳಿಯುತ್ತದೆ. ಇದನ್ನು ತಿಳಿಯಲು ದುಬಾರಿ ಶಿಕ್ಷಣ ಬೇಡ. ಚಿತ್ರೀಕರಣದ ಹಿಂದಿನ ದಿನ ಅದೇ ವೇಳೆಗೆ ಅದೇ ಜಾಗಕ್ಕೆ ಹೋಗಿ ನಿಂತು ನೋಡಿದರಾಯಿತು.

ಬೆಳಕನ್ನು ಅಗ್ಗವಾಗಿ ಒಲಿಸಿಕೊಂಡವರ ಪರಂಪರೆ ನಮ್ಮ ದೇಶದಲ್ಲೇ ಇದೆ. ಸತ್ಯಜಿತ್ ರೇ ಅವರ ‘ಪಥೇರ್ ಪಾಂಚಾಲಿ’ಗೆ (1955) ಕ್ಯಾಮೆರಾ ಹಿಡಿದ ಸುಬ್ರತ ಮಿತ್ರ ಅದಕ್ಕೆ ಮೊದಲು ಚಲನಚಿತ್ರದ ಕ್ಯಾಮೆರಾ ನಡೆಸಿದವರೇ ಅಲ್ಲ. ವಯಸ್ಸು ಆಗಷ್ಟೇ ಇಪ್ಪತ್ತು ದಾಟಿತ್ತು. ಮುಂದಿನ ಚಿತ್ರ ‘ಅಪರಾಜಿತೊ’ದಲ್ಲಿ (1956) ಬನಾರಸಿನ ಮನೆಯ ಅಂಗಳವನ್ನು ಕಲ್ಕತ್ತೆಯ ಸ್ಟುಡಿಯೊದೊಳಗೆ ಕಟ್ಟಬೇಕಾಗಿ ಬಂತು. ಸುತ್ತ ಎತ್ತರದ ಗೋಡೆಗಳಿರುವ ಅಂಗಳಕ್ಕೆ ಆಕಾಶದಿಂದ ಸೋಸಿ ಬೀಳುವ ಬೆಳಕಿಗೆ ಗಡುಸಾದ ನೆರಳಿರುವುದಿಲ್ಲ; ಸ್ಟುಡಿಯೊ ದೀಪಗಳೋ ಕತ್ತರಿಸಿದಂಥ ನೆರಳು ಚೆಲ್ಲುತ್ತವೆ. ಮಿತ್ರ ಅವರು ಅಂಗಳದ ಮೇಲೆ ಬಿಳಿಯ ಬಟ್ಟೆ ಹರಡಿಸಿ, ದೀಪಗಳನ್ನು ಅದಕ್ಕೆ ಹಾಯಿಸಿ, ಮರಳಿ ಬಂದ ಮೃದುವಾದ ಬೆಳಕಿನಲ್ಲಿ ಚಿತ್ರೀಕರಿಸಿದರು. ಇಂದು ಮದುವೆಯ ಫೋಟೊ ತೆಗೆಯುವವರೂ ಬಳಸುವ ಆ ಉಪಾಯಕ್ಕೆ ಅಂದು ಬೇಕಾದದ್ದು ಒಂದಷ್ಟು ಗಜ ಬಟ್ಟೆ, ಜೊತೆಗೆ ಅಂಗಳದ ಬೆಳಕು ಹೇಗಿರುತ್ತದೆಂದು ಗಮನಿಸಿದ ಕಣ್ಣು.

ಮೈಸೂರಿನ ವಿ.ಕೆ. ಮೂರ್ತಿಯವರ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋದವರು ಅವರು. ಗುರುದತ್ ಅವರ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರಲ್ಲಿ ಖಾಲಿ ಸ್ಟುಡಿಯೊದ ಕತ್ತಲೆಯನ್ನು ಸೀಳಿಕೊಂಡು ಬರುವ ಬೆಳಕಿನ ಕೋಲನ್ನು ಸಿನಿಮಾ ಕಲಿಯುವವರು ಇಂದಿಗೂ ನೋಡುತ್ತಾರೆ. ಅದನ್ನು ಸಾಧಿಸಿದ್ದು ಎರಡು ಕನ್ನಡಿಗಳಿಂದ. ಹೊರಗಿನ ಬಿಸಿಲನ್ನು ಒಂದು ಕನ್ನಡಿ ಹಿಡಿದು ಒಳಗಿನ ಇನ್ನೊಂದಕ್ಕೆ ದಾಟಿಸಿತು. ಅದು ಬೇಕಾದ ಕಡೆಗೆ ಚೆಲ್ಲಿತು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಎನಿಸಿಕೊಂಡರು. ಅವರಿಗೆ ಸಹಾಯಕರಾಗಿದ್ದ ಗೋವಿಂದ ನಿಹಲಾನಿಯವರೂ ಬೆಂಗಳೂರಿನ ಅದೇ ಪಾಲಿಟೆಕ್ನಿಕ್‌ನಲ್ಲಿ 1962ರಲ್ಲಿ ಓದು ಮುಗಿಸಿದವರು. ಕನ್ನಡಿ ಇಲ್ಲದ ಮನೆ ಕರ್ನಾಟಕದಲ್ಲಿ ಎಷ್ಟಿದ್ದೀತು?

ಕನ್ನಡದ್ದೇ ಆದ ಇನ್ನೊಂದು ನಿದರ್ಶನ ‘ಘಟಶ್ರಾದ್ಧ’ (1977). ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಆಗಷ್ಟೇ ಹೊರಬಂದಿದ್ದ ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪಿನ ಛಾಯಾಗ್ರಹಣ. 2024ರಲ್ಲಿ ಈ ಚಿತ್ರ 4ಕೆ ಗುಣಮಟ್ಟದಲ್ಲಿ ಪುನಶ್ಚೇತನಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಪುನಶ್ಚೇತನದಲ್ಲಿ ಬಳಕೆಯಾಗುವುದು ಇಂದಿನ ಅತ್ಯುತ್ತಮ ಗ್ರೇಡಿಂಗ್ ತಂತ್ರಜ್ಞಾನವೇ. ಆದರೆ ಆ ತಂತ್ರಜ್ಞಾನದ ಧರ್ಮವೆಂದರೆ ಮೂಲದಲ್ಲಿ ಇದ್ದುದನ್ನು ಹೊರತೆಗೆಯುವುದು. ಅಗ್ರಹಾರದ ಒಳಮನೆಯ ಆ ಕತ್ತಲೆಯನ್ನೂ ಬಾಗಿಲಲ್ಲಿ ಬಂದು ನಿಂತ ಬೆಳಕನ್ನೂ ದಶಕಗಳ ಹಿಂದೆಯೇ ಯಾರೋ ಕಂಡು, ಅಳೆದು, ಅಚ್ಚುಹಾಕಿದ್ದರಿಂದ ಇಂದು ತೆಗೆಯಲು ಏನಾದರೂ ಸಿಕ್ಕಿತು.

ಬಡತನದ ನಡುವೆ ಇದು ವಿದ್ಯಾರ್ಥಿಗಳಿಂದಲೂ ಸಾಧ್ಯವೆ ಎಂದು ಕೇಳುವವರಿಗೆ 2024ರ ಮೇ ತಿಂಗಳು ಉತ್ತರ ಕೊಟ್ಟಿದೆ. ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗವಾದ ‘ಲಾ ಸಿನೆಫ್’ನಲ್ಲಿ ಆ ವರ್ಷದ ಪ್ರಥಮ ಬಹುಮಾನ ಪಡೆದದ್ದು ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಎಂಬ 16 ನಿಮಿಷಗಳ ಕನ್ನಡ ಚಿತ್ರ. ನಿರ್ದೇಶಕ, ವೈದ್ಯಕೀಯ ಓದಿ ಸಿನಿಮಾದತ್ತ ಹೊರಳಿದ ಮೈಸೂರಿನ ಚಿದಾನಂದ ಎಸ್. ನಾಯ್ಕ್, ಛಾಯಾಗ್ರಾಹಕ ಸೂರಜ್ ಠಾಕೂರ್. ಪುಣೆಯ ಇನ್‌ಸ್ಟಿಟ್ಯೂಟಿನ ಟೆಲಿವಿಷನ್ ವಿಭಾಗದ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸವಾಗಿ ವಿದ್ಯಾರ್ಥಿಗಳ ತಂಡ ಇದನ್ನು ತಯಾರಿಸಿತು. ಕಥೆ ನಮಗೆಲ್ಲ ಗೊತ್ತಿರುವುದೇ. ಅಜ್ಜಿಯ ಕೋಳಿ ಕೂಗಿದರೆ ಬೆಳಗಾಗುವುದು ಎಂಬ ಗಾದೆಯ ಸುತ್ತಲಿನ ಜನಪದ ಕಲ್ಪನೆ. ಅಜ್ಜಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ಯುತ್ತಾಳೆ. ಊರಿಗೆ ಬೆಳಗಾಗುವುದೇ ನಿಂತುಹೋಗುತ್ತದೆ.

ಈ ಕಥೆಯನ್ನು ಛಾಯಾಗ್ರಾಹಕನ ಕಡೆಯಿಂದ ನೋಡಿ. ಸೂರ್ಯನೇ ಹುಟ್ಟದ ಊರು. ಅಂದರೆ ಇಡೀ ಚಿತ್ರವೇ ರಾತ್ರಿ. ಬಡ ನಿರ್ಮಾಪಕನಿಗೆ ಪುಕ್ಕಟೆ ಸಿಗುವ ಏಕೈಕ ದೀಪವೆಂದರೆ ಸೂರ್ಯ. ಕಥೆ ಅದನ್ನೇ ಕಸಿದುಕೊಂಡಿದೆ. ಕತ್ತಲೆಯನ್ನು ತೋರಿಸಲು ಬೆಳಕು ಬೇಕು, ಅದೂ ಹಗಲಿನ ದೃಶ್ಯಕ್ಕಿಂತ ಎಚ್ಚರವಾಗಿ ಹಂಚಿದ ಬೆಳಕು. ಯಾವುದು ಕಾಣಬೇಕು, ಯಾವುದು ಅರೆಗಾಣಬೇಕು, ಯಾವುದು ಕಾಣಲೇಬಾರದು ಎಂಬ ಮೂರು ತೀರ್ಮಾನಗಳನ್ನು ಪ್ರತಿ ಚೌಕಟ್ಟಿಗೂ ಮುಂಚೆಯೇ ಮಾಡಿಕೊಳ್ಳಬೇಕು. ಇಂಥ ಚಿತ್ರವನ್ನು ‘ಆಮೇಲೆ ನೋಡೋಣ’ ಎನ್ನುತ್ತ ತೆಗೆಯಲು ಬರುವುದಿಲ್ಲ. ತಂಡಕ್ಕೆ ಸಿಕ್ಕಿದ್ದು ಕೇವಲ ನಾಲ್ಕು ದಿನ; ಬಹುಮಾನದ ಮೊತ್ತ 15,000 ಯೂರೊ. ಲೋಕಕ್ಕೆ ಇದು ಹೊಸದೆನಿಸಿದ್ದಕ್ಕೆ, ನಮ್ಮದೇ ರಾತ್ರಿಯನ್ನು ಯಾರಿಂದಲೂ ಎರವಲು ತರದೆ ಕಲ್ಪಿಸಿಕೊಂಡದ್ದೂ ಒಂದು ಕಾರಣವಿದ್ದೀತು.

ರಾತ್ರಿಯ ಮಾತು ಬಂತಲ್ಲ, ಆ ನೀಲಿಯನ್ನೇ ಸ್ವಲ್ಪ ವಿಚಾರಿಸೋಣ. ಚಂದ್ರನ ಬೆಳಕೆಂದರೆ ಮರುಳಿದ ಸೂರ್ಯನ ಬೆಳಕು. ಅಳೆದು ನೋಡಿದರೆ ಅದು ಬಿಸಿಲಿಗಿಂತ ತುಸು ಕೆಂಪಿನ ಕಡೆಗೇ ವಾಲಿರುತ್ತದೆ. ಆದರೆ ಮಬ್ಬುಗತ್ತಲೆಯಲ್ಲಿ ನಮ್ಮ ಕಣ್ಣು ಕೆಂಪನ್ನು ಮೊದಲು ಕಳೆದುಕೊಂಡು ನೀಲಿ-ಹಸಿರುಗಳಿಗೆ ಹೆಚ್ಚು ಸ್ಪಂದಿಸುತ್ತದೆ. ಇದನ್ನು 19ನೇ ಶತಮಾನದಲ್ಲಿ ಗುರುತಿಸಿದ ವಿಜ್ಞಾನಿಯ ಹೆಸರಿನಿಂದ ಪುರ್ಕಿಂಜೆ ಪರಿಣಾಮ ಎನ್ನುತ್ತಾರೆ. ಮೂಕಿ ಚಿತ್ರಗಳ ಕಾಲದಲ್ಲಿ ಹಗಲು ತೆಗೆದ ಕಪ್ಪು-ಬಿಳುಪು ದೃಶ್ಯಕ್ಕೆ ನೀಲಿ ಬಣ್ಣ ಅದ್ದಿ ರಾತ್ರಿಯೆಂದು ತೋರಿಸುವ ರೂಢಿ ಬೆಳೆಯಿತು. ಅಲ್ಲಿಂದ ಹಾಲಿವುಡ್, ಅಲ್ಲಿಂದ ಸಕಲರೂ ರಾತ್ರಿಯನ್ನು ನೀಲಿಯೆಂದೇ ನಂಬಿದರು. ಹಾಗೆಂದು ಈ ರೂಢಿ ತಪ್ಪೇನಲ್ಲ. ಅದು ಒಂದು ಆಯ್ಕೆ. ಆದರೆ ನಮ್ಮ ಭಾಷೆ ಬೇರೆಯದೇ ಆಯ್ಕೆ ಮಾಡಿಕೊಂಡಿದೆ. ಕನ್ನಡ ಅದನ್ನು ಬೆಳದಿಂಗಳು ಎಂದಿತು. ಆ ಪದದೊಳಗೇ ಬಿಳುಪು ಕೂತಿದೆ. ಹಾಲುಚೆಲ್ಲಿದಂಥ ಬೆಳದಿಂಗಳು ಎನ್ನುತ್ತೇವೆಯೇ ಹೊರತು ಶಾಯಿ ಚೆಲ್ಲಿದಂಥ ಎನ್ನುವುದಿಲ್ಲ. ಕನ್ನಡದ ಕಥೆ ಹೇಳಹೊರಟ ವಿದ್ಯಾರ್ಥಿ ತನ್ನ ರಾತ್ರಿಗೆ ನೀಲಿ ಸುರಿಯುವ ಮೊದಲು ಒಂದು ಹುಣ್ಣಿಮೆಯ ರಾತ್ರಿ ಮಹಡಿಯ ಮೇಲೆ ಹೋಗಿ ನಿಲ್ಲಬಾರದೆ?

ಬೆಳಕನ್ನು ಹೆಸರಿಸುವುದರಲ್ಲಿ ಕನ್ನಡ ಬಡ ಭಾಷೆಯಲ್ಲ. ನಸುಕು, ಎಳೆಬಿಸಿಲು, ಹೊಂಬಿಸಿಲು, ಸುಡುಬಿಸಿಲು, ಇಳಿಬಿಸಿಲು, ಗೋಧೂಳಿ, ಮುಸ್ಸಂಜೆ, ಮಬ್ಬು. ಇವೆಲ್ಲ ಕವಿಸಮಯಗಳೆಂದು ಬದಿಗಿಡುವಂಥವಲ್ಲ. ಬೆಳಕು ಯಾವ ಕೋನದಿಂದ ಬೀಳುತ್ತಿದೆ, ಎಷ್ಟು ಕೆಂಪಾಗಿದೆ, ನೆರಳು ಎಷ್ಟು ಉದ್ದವಾಗಿದೆ ಎಂಬುದರ ನಿಖರವಾದ ಟಿಪ್ಪಣಿಗಳು. ಚಿತ್ರಕಥೆಯ ಪ್ರತಿ ದೃಶ್ಯದ ತಲೆಯ ಮೇಲೆ ‘ಹಗಲು-ಹೊರಾಂಗಣ’ ಎಂದು ಬರೆಯುವ ಬದಲು ‘ಇಳಿಬಿಸಿಲು’ ಎಂದು ಬರೆದರೆ ಛಾಯಾಗ್ರಾಹಕನ ಅರ್ಧ ಕೆಲಸ ಮುಗಿದಂತೆ.

ಬೆಳಕಿಗಿಂತಲೂ ಸೂಕ್ಷ್ಮವಾದ ಪ್ರಶ್ನೆ ಮುಖದ ಬಣ್ಣದ್ದು. ಛಾಯಾಗ್ರಹಣದ ತಂತ್ರ ಯಾರ ಮುಖಕ್ಕಾಗಿ ರೂಪುಗೊಂಡಿತು ಎಂಬ ಚರಿತ್ರೆ ಇಲ್ಲಿ ಪ್ರಸ್ತುತ. ಕಳೆದ ಶತಮಾನದ ಮಧ್ಯಭಾಗದಿಂದ ಅಮೆರಿಕದ ಲ್ಯಾಬುಗಳು ಬಣ್ಣ ಸರಿಯಿದೆಯೇ ಎಂದು ಪರೀಕ್ಷಿಸಲು ‘ಶರ್ಲಿ ಕಾರ್ಡ್’ ಎಂಬ ಚಿತ್ರವನ್ನು ಇಟ್ಟುಕೊಳ್ಳುತ್ತಿದ್ದವು. ಅದರಲ್ಲಿದ್ದುದು ಬಿಳಿಯ ಹೆಣ್ಣುಮಗಳು. ಆಕೆಯ ಮುಖ ಸರಿಯಾಗಿ ಬಂದರೆ ಎಲ್ಲರ ಮುಖವೂ ಸರಿಯೆಂದು ತಿಳಿಯಲಾಗುತ್ತಿತ್ತು. ಕಪ್ಪು, ಕಂದು ಮೈಬಣ್ಣದವರು ಅದೇ ಫಿಲ್ಮಿನಲ್ಲಿ ಬೂದಿಯಾಗಿಯೋ ಮಸಿಯಾಗಿಯೋ ಕಂಡರು. ಕಂದು ಛಾಯೆಗಳನ್ನು ಸರಿಯಾಗಿ ಹಿಡಿಯಬೇಕೆಂಬ ಒತ್ತಡ ಕೊಡಾಕ್ ಮೇಲೆ ಬಂದದ್ದು ಚಾಕೊಲೇಟ್ ಮತ್ತು ಮರದ ಪೀಠೋಪಕರಣಗಳ ತಯಾರಕರಿಂದ ಎಂಬುದು ಈ ಚರಿತ್ರೆಯ ಕಹಿಯಾದ ವ್ಯಂಗ್ಯ. ಹಲವು ಜನಾಂಗಗಳ ಮುಖಗಳಿರುವ ಕಾರ್ಡು ಕೊಡಾಕ್‌ನಿಂದ ಹೊರಬಂದದ್ದು 1990ರ ದಶಕದಲ್ಲಿ.

ಇಂದು ‘ಲಟ್’ ಎಂಬ ಹೆಸರಿನಲ್ಲಿ ಮಾರಾಟವಾಗುವ, ಪುಕ್ಕಟೆಯಾಗಿಯೂ ಹಂಚಿಕೆಯಾಗುವ ಸಿದ್ಧ ವರ್ಣಸೂತ್ರಗಳು ಆ ಕಾರ್ಡಿನ ಮೊಮ್ಮಕ್ಕಳೆಂದರೆ ಉತ್ಪ್ರೇಕ್ಷೆಯಾಗದು. ಯಾವುದೋ ಶೀತದೇಶದ ಬೆಳಕಿನಲ್ಲಿ, ಯಾವುದೋ ಬಿಳಿಯ ಮುಖಕ್ಕೆ ಒಪ್ಪುವಂತೆ ಹೆಣೆದ ಸೂತ್ರವನ್ನು ಒಂದೇ ಕ್ಲಿಕ್ಕಿನಲ್ಲಿ ಯಾದಗಿರಿಯ ರೈತನ ಮುಖಕ್ಕೆ ಹಚ್ಚಿದರೆ ಅದು ಇಟ್ಟಿಗೆಯಾಗುತ್ತದೆ. ಇದರ ಜೊತೆಗೆ ನಮ್ಮದೇ ಹಳೆಯ ಕಾಯಿಲೆಯೂ ಸೇರಿಕೊಂಡಿದೆ. ಗ್ರೇಡಿಂಗ್‌ಗೆ ಕುಳಿತ ಕೂಡಲೇ ಮೊದಲು ಮಾಡುವ ಕೆಲಸವೆಂದರೆ ನಾಯಕಿಯ ಮುಖವನ್ನು ಎರಡು ಪಟ್ಟು ತಿಳಿಗೊಳಿಸುವುದು. ವಧೂವರರ ಜಾಹೀರಾತಿನ ಆ ‘ಬೆಳ್ಳಗಿನ’ ಹಂಬಲ ತಂತ್ರಾಂಶದೊಳಗೂ ಬಂದು ಕೂತಿದೆ.

ವಿಜ್ಞಾನ ಇಲ್ಲಿ ಒಂದು ಸೊಗಸಾದ ಪಾಠ ಹೇಳುತ್ತದೆ. ಬಣ್ಣವನ್ನು ಅಳೆಯುವ ವೆಕ್ಟರ್‌ಸ್ಕೋಪ್ ಎಂಬ ಸಾಧನದಲ್ಲಿ ಚರ್ಮದ ವರ್ಣಕ್ಕೆಂದೇ ಒಂದು ಗೆರೆಯಿದೆ. ಬಿಳಿಯರಾಗಲಿ ಕರಿಯರಾಗಲಿ ಕಂದು ಬಣ್ಣದವರಾಗಲಿ, ಸಮತೋಲದ ಬೆಳಕಿನಲ್ಲಿ ಎಲ್ಲರ ಚರ್ಮದ ವರ್ಣವೂ ಹೆಚ್ಚುಕಡಿಮೆ ಆ ಒಂದೇ ಗೆರೆಯ ಆಸುಪಾಸಿನಲ್ಲಿ ಬೀಳುತ್ತದೆ. ಎಲ್ಲರ ಚರ್ಮದಡಿಯಲ್ಲೂ ಹರಿಯುವುದು ಅದೇ ರಕ್ತ, ಇರುವುದು ಅದೇ ಮೆಲನಿನ್. ವ್ಯತ್ಯಾಸವಿರುವುದು ಮುಖ್ಯವಾಗಿ ಗಾಢತೆಯಲ್ಲಿ. ಆದ್ದರಿಂದ ಕಪ್ಪು ಮುಖವನ್ನು ‘ಸರಿಪಡಿಸುವುದು’ ಎಂಬುದೇ ತಪ್ಪು ಮಾತು. ಅದರ ಗಾಢತೆಯನ್ನು ಗೌರವಿಸುತ್ತ, ಅದರ ಮೇಲೆ ಬೆಳಕು ಆಡುವ ಬಗೆಯನ್ನು ಹಿಡಿಯುವುದೇ ಕಸುಬು. ಹಾಲಿವುಡ್ ಲೆಕ್ಕದಲ್ಲಿ ತೀರಾ ಅಗ್ಗದ ಚಿತ್ರವೆನಿಸಿದ ‘ಮೂನ್‌ಲೈಟ್’ (2016) ಇದಕ್ಕೆ ಮಾದರಿ. ನಿರ್ದೇಶಕ ಬ್ಯಾರಿ ಜೆಂಕಿನ್ಸ್, ಛಾಯಾಗ್ರಾಹಕ ಜೇಮ್ಸ್ ಲ್ಯಾಕ್ಸ್‌ಟನ್ ಒಂದೇ ಫಿಲ್ಮ್ ಶಾಲೆಯಲ್ಲಿ ಕಲಿತ ಗೆಳೆಯರು. ಕರಿಯ ನಟರ ಮುಖಕ್ಕೆ ಪೌಡರು ಬಳಿದು ಮಂಕಾಗಿಸುವ ಬದಲು ಎಣ್ಣೆ ಸವರಿ ಹೊಳೆಯಲು ಬಿಟ್ಟರು. ನೆರಳನ್ನು ತುಂಬಲು ಹೋಗಲಿಲ್ಲ. ಗ್ರೇಡಿಂಗ್ ಆಮೇಲೆ ಆ ಹೊಳಪನ್ನೇ ಪೋಷಿಸಿತು. ಎಣ್ಣೆಗೆಂಪು, ಎಣ್ಣೆಗಪ್ಪು ಎಂಬ ಮಾತುಗಳಿರುವ ಭಾಷೆಯವರಿಗೆ ಇದು ತಿಳಿಯದ ವಿದ್ಯೆಯೆ? ಸಾದಗಪ್ಪು, ಗೋಧಿಬಣ್ಣ ಎಂದು ಕೆನ್ನೆಯನ್ನು ನೋಡಿ ಭೇದ ಹೇಳಬಲ್ಲ ಅಜ್ಜಿಯರ ಮೊಮ್ಮಕ್ಕಳು ಎಲ್ಲ ಮುಖಗಳಿಗೂ ಒಂದೇ ಕಿತ್ತಳೆ ಬಳಿಯುವುದು ವಿಷಾದದ ಸಂಗತಿ.

ಹಾಗಾದರೆ ಮಾಡಬೇಕಾದದ್ದೇನು? ಪಟ್ಟಿ ದೊಡ್ಡದಲ್ಲ. ಚಿತ್ರಕಥೆ ಸಿದ್ಧವಾದ ಕೂಡಲೇ ಇಡೀ ಚಿತ್ರಕ್ಕೆ ಮೂರೋ ನಾಲ್ಕೋ ಬಣ್ಣಗಳನ್ನು ನಿಶ್ಚಯಿಸಿಕೊಳ್ಳಬೇಕು. ನಟರ ಬಟ್ಟೆ, ಹಾಸಿಗೆಯ ಹೊದಿಕೆ, ಗೋಡೆಯ ಕ್ಯಾಲೆಂಡರು ಎಲ್ಲವೂ ಆ ನಿಶ್ಚಯಕ್ಕೆ ತಕ್ಕಂತಿರಬೇಕು. ಬೇಡದ ಕೆಂಪು ಬಕೆಟ್ಟನ್ನು ಗ್ರೇಡಿಂಗ್‌ನಲ್ಲಿ ಅಳಿಸಲು ಒಂದು ದಿನ ಬೇಕು. ಚೌಕಟ್ಟಿನಿಂದ ಎತ್ತಿಡಲು ಅರೆನಿಮಿಷ ಸಾಕು. ಸುಣ್ಣದ ಗೋಡೆಯ ಮುಂದೆ ನಿಂತ ಕಂದುಮುಖವನ್ನು ಕ್ಯಾಮೆರಾದ ಸ್ವಯಂಚಾಲಿತ ಅಳತೆಗೆ ಬಿಟ್ಟರೆ ಮುಖ ಕತ್ತಲಾಗುತ್ತದೆ; ಅಳತೆಯನ್ನು ಮುಖಕ್ಕೆ ಕೊಟ್ಟು, ಗೋಡೆಯಿಂದ ನಟನನ್ನು ಎರಡಡಿ ಮುಂದಕ್ಕೆ ಕರೆತರಬೇಕು. ಪ್ರತಿ ಬೆಳಕಿನ ಬದಲಾವಣೆಗೂ ಒಂದು ಬೂದುಬಣ್ಣದ ಕಾರ್ಡನ್ನು ಕ್ಷಣಕಾಲ ಹಿಡಿದು ದಾಖಲಿಸಬೇಕು. ಗ್ರೇಡಿಂಗ್‌ಗೆ ಕುಳಿತಾಗ ಮೊದಲು ದೃಶ್ಯ ದೃಶ್ಯಗಳನ್ನು ಒಂದಕ್ಕೊಂದು ತಾಳೆ ಮಾಡಿ, ಆಮೇಲೆ ಮಾತ್ರ ಭಾವಕ್ಕೆ ತಕ್ಕ ಛಾಯೆಯ ಕಡೆಗೆ ಹೋಗಬೇಕು. ಕೊನೆಯಲ್ಲಿ ಲ್ಯಾಪ್‌ಟಾಪು, ಮೊಬೈಲು, ಪ್ರೊಜೆಕ್ಟರು ಮೂರರಲ್ಲೂ ಹಾಕಿ ನೋಡಬೇಕು. ಹೀಗೆ ಪೂರ್ವಸಿದ್ಧತೆಯಿಂದ ಬಂದ ಚಿತ್ರಕ್ಕೆ ಪುಕ್ಕಟೆ ತಂತ್ರಾಂಶವೇ ಧಾರಾಳವಾಗಿ ಸಾಕು.

ಹೊಣೆ ವಿದ್ಯಾರ್ಥಿಗಳದ್ದಷ್ಟೇ ಅಲ್ಲ. ಮಾಧ್ಯಮ ವಿಭಾಗ ತೆರೆಯುವ ಕಾಲೇಜುಗಳು ಮೊದಲು ಮಾಡುವುದು ಕ್ಯಾಮೆರಾ ಖರೀದಿ. ಅದು ಪ್ರಾಂಶುಪಾಲರ ಕೋಣೆಯ ಪಕ್ಕದ ಕಪಾಟಿನಲ್ಲಿ ಬೀಗದೊಳಗೆ ಹಳೆಯದಾಗುತ್ತದೆ. ಪೂರ್ವಕ್ಕೊಂದು, ಉತ್ತರಕ್ಕೊಂದು ಕಿಟಕಿಯಿರು�ವ ಖಾಲಿ ಕೋಣೆ, ನಾಲ್ಕು ಥರ್ಮೊಕೋಲ್ ಹಾಳೆ, ಎರಡು ಕನ್ನಡಿ, ಹತ್ತು ಗಜ ಬಿಳಿಬಟ್ಟೆ, ಹತ್ತು ಗಜ ಕರಿಬಟ್ಟೆ ಇದ್ದರೆ ಒಂದು ವರ್ಷದ ಬೆಳಕಿನ ಪಾಠ ಅಲ್ಲಿ ನಡೆದೀತು. ಬೆಳಗಿನಿಂದ ಸಂಜೆಯವರೆಗೆ ಒಂದೇ ಮುಖವನ್ನು ಒಂದೇ ಕಿಟಕಿಯ ಬಳಿ ಕೂರಿಸಿ ಗಂಟೆಗೊಂದು ಚಿತ್ರ ತೆಗೆಸುವ ಅಭ್ಯಾಸವೊಂದೇ ಹತ್ತು ಉಪನ್ಯಾಸಗಳಿಗೆ ಸಮ. ಕಿರುಚಿತ್ರ ಸ್ಪರ್ಧೆಗಳ ತೀರ್ಪುಗಾರರೂ ಒಂದು ಸಣ್ಣ ಕೆಲಸ ಮಾಡಬಹುದು. ‘ಈ ದೃಶ್ಯಕ್ಕೆ ಈ ಬಣ್ಣ ಏಕೆ?’ ಎಂದು ಪ್ರತಿ ತಂಡವನ್ನೂ ಕೇಳಬಹುದು. ಉತ್ತರ ಬಾರದಿದ್ದರೆ ಛಾಯಾಗ್ರಹಣದ ಬಹುಮಾನವನ್ನು ಆ ವರ್ಷ ಯಾರಿಗೂ ಕೊಡದೆ ಉಳಿಸಬಹುದು.

ಕಿರುಚಿತ್ರಗಳ ಬಣ್ಣಕ್ಕೆ ಇಷ್ಟೊಂದು ಚರ್ಚೆ ಬೇಕೆ ಎಂದು ಕೆಲವರಿಗೆ ಅನಿಸೀತು. ಇಂದು ಹನ್ನೆರಡು ನಿಮಿಷದ ಚಿತ್ರ ಮಾಡುತ್ತಿರುವವರೇ ನಾಳೆ ನಮ್ಮ ದೊಡ್ಡ ತೆರೆಯನ್ನೂ ಮನೆಯ ಟೀವಿಯನ್ನೂ ತುಂಬುವವರು. ಕನ್ನಡ ನಾಡಿನ ಮನುಷ್ಯರು, ಮನೆಗಳು, ಸಂಜೆಗಳು ಹೇಗೆ ಕಾಣುತ್ತವೆ ಎಂಬುದನ್ನು ಮುಂದಿನ ತಲೆಮಾರು ಕಲಿಯುವುದು ಇವರ ಚಿತ್ರಗಳಿಂದಲೇ. ಎಣ್ಣೆಗಪ್ಪು ಮೈಬಣ್ಣದ ಹುಡುಗಿಯೊಬ್ಬಳು ತೆರೆಯ ಮೇಲೆ ತನ್ನಂಥವಳನ್ನು ಕಂಡಾಗ ಅಲ್ಲಿ ಬೂದಿಯೂ ಇರಬಾರದು, ಬಳಿದ ಬಿಳುಪೂ ಇರಬಾರದು. ಅವಳು ಅವಳಾಗಿಯೇ ಕಾಣಬೇಕು. ಅಷ್ಟನ್ನು ಸಾಧಿಸಲು ಬೇಕಾದ ಯಂತ್ರ ಈಗ ಎಲ್ಲರ ಮೇಜಿನ ಮೇಲಿದೆ. ಯಂತ್ರ ತೆರೆಯುವ ಮೊದಲು ಕಿಟಕಿ ತೆರೆದು ನೋಡುವ ತಾಳ್ಮೆಯನ್ನು ಮಾತ್ರ ನಾವು ಕಲಿಸಬೇಕಾಗಿದೆ.